ಡಂಗುರವಿಲ್ಲದ ಅಯಸ್ಕಾಂತ

ಎಂ.ಆರ್.ಐ. ಎಂಬ ಹೆಸರು ಕೇಳದವರು ಇಂದು ತುಮಕೂರು ಸೀಮೆಯಲ್ಲಿ ಕಡಿಮೆ. ಗುಬ್ಬಿಯಲ್ಲೋ ಕುಣಿಗಲ್‌ನಲ್ಲೋ ಸೊಂಟನೋವು ಬಿಡದೆ ಕಾಡಿದರೆ, ಬೈಕಿನಿಂದ ಬಿದ್ದವರಿಗೆ ತಲೆಸುತ್ತು ನಿಲ್ಲದಿದ್ದರೆ, ಡಾಕ್ಟರು ಚೀಟಿ ಬರೆದುಕೊಡುತ್ತಾರೆ: 'ಒಂದು ಎಂ.ಆರ್.ಐ. ಮಾಡಿಸಿಕೊಂಡು ಬನ್ನಿ.' ಮನೆಯವರು ದುಡ್ಡು ಹೊಂದಿಸಿಕೊಂಡು ತುಮಕೂರಿಗೋ ಬೆಂಗಳೂರಿಗೋ ಹೊರಡುತ್ತಾರೆ. ಅಲ್ಲಿ ಕೊಠಡಿಯ ಹೊರಗೆ ವಾಚು, ಉಂಗುರ, ಬೀಗದ ಕೈ ಎಲ್ಲವನ್ನೂ ತೆಗೆದಿಡಬೇಕು. ತಾಳಿಯನ್ನೂ ತೆಗೆದಿಡಿ ಎಂದಾಗ ಹಿಂದೆ ಮುಂದೆ ನೋಡುವ ಹೆಂಗಸರುಂಟು. ಒಳಗೆ ಕೊಳವೆಯಂಥ ಯಂತ್ರದಲ್ಲಿ ಅಲುಗದೆ ಮಲಗಿ, ಕಿವಿಗಡಚಿಕ್ಕುವ ಟಕಟಕ ಸದ್ದು ಕೇಳಿಸಿಕೊಂಡು ಹೊರಬಂದರೆ ಮುಗಿಯಿತು. ಕೈಗೆ ಬರುವುದು ಕಪ್ಪು ಬಿಳುಪಿನ ಹಾಳೆಗಳು.

ಈ ಯಂತ್ರ ಎಲ್ಲಿಯದು ಎಂದರೆ ಯಾರಾದರೂ 'ಫಾರಿನ್ನಿನದು' ಎಂದೇ ಹೇಳುತ್ತಾರೆ. ಯಂತ್ರದ ಮಟ್ಟಿಗೆ ಅದು ಬಹುಪಾಲು ನಿಜವೇ. ಆದರೆ ಯಂತ್ರದ ಹಿಂದಿರುವ ವಿಜ್ಞಾನದ ಒಂದು ಬೇರು ತುಮಕೂರಿನಿಂದ ಸುಮಾರು 65 ಕಿಲೋಮೀಟರ್ ಆಚೆ, ತುಮಕೂರು ರಸ್ತೆ ಬೆಂಗಳೂರು ಸೇರುವ ಯಶವಂತಪುರದ ಬಳಿ ಇದೆ. ಬಸ್ ಕಂಡಕ್ಟರುಗಳ ಬಾಯಲ್ಲಿ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಉಳಿದಿರುವ ಭಾರತೀಯ ವಿಜ್ಞಾನ ಸಂಸ್ಥೆಯೇ ಆ ಜಾಗ. ತುಮಕೂರಿನಿಂದ ದಿನವೂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಯಶವಂತಪುರ ನಿಲ್ದಾಣದಲ್ಲಿ ಇಳಿಯುತ್ತಾರೆ, ಹತ್ತುತ್ತಾರೆ. ಅಲ್ಲಿಂದ ಕೂಗಳತೆಯ ದೂರದಲ್ಲಿ, ಮರಗಳ ನೆರಳಿನ ಆ ಆವರಣದೊಳಗೆ, ಇಡೀ ದೇಶದ ಬಳಕೆಗೆಂದೇ ಕೇಂದ್ರ ಸರ್ಕಾರ 1977ರಲ್ಲಿ ತಂದಿರಿಸಿದ ಪ್ರಬಲ ಅಯಸ್ಕಾಂತದ ಕತೆ ಶುರುವಾಯಿತೆಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದು ಅವರ ತಪ್ಪೂ ಅಲ್ಲ. ಯಾರೂ ಹೇಳಿಲ್ಲ, ಅಷ್ಟೆ.

ಪ್ರಚಾರ ಎಂದರೇನೆಂದು ಗುಬ್ಬಿಯವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ದಕ್ಷಿಣ ಭಾರತದಲ್ಲೆಲ್ಲ ಹೆಸರಾಯಿತು. 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದ ಕಂಪನಿಯದು. ಕಂಪನಿ ನಾಟಕಗಳ ಕಾಲದಲ್ಲಿ ಟೆಂಟ್ ಎದ್ದ ಊರಿನಲ್ಲಿ ಗಾಡಿಯ ಮೇಲೆ ವಾದ್ಯ ಬಾರಿಸುತ್ತ, ಬಣ್ಣದ ಕಾಗದದ ಕರಪತ್ರ ಎಸೆಯುತ್ತ ಹೋಗುವುದು ವಾಡಿಕೆ. ಕರಪತ್ರಕ್ಕಾಗಿ ಗಾಡಿಯ ಹಿಂದೆ ಓಡುವ ಮಕ್ಕಳೇ ಅರ್ಧ ಪ್ರಚಾರ ಮಾಡಿಬಿಡುತ್ತಿದ್ದರು. ನಾಟಕ ಎಷ್ಟೇ ಚೆನ್ನಾಗಿರಲಿ, ಆಡುತ್ತಿದ್ದಾರೆಂದು ಜನರಿಗೆ ತಿಳಿಯದಿದ್ದರೆ ಟೆಂಟ್ ಖಾಲಿಯೇ. ವಿಜ್ಞಾನಕ್ಕೂ ಈ ಮಾತು ಅನ್ವಯಿಸುತ್ತದೆಯೇ? ಅಯಸ್ಕಾಂತದ ಕತೆ ನೋಡಿದರೆ ಅನ್ವಯಿಸುತ್ತದೆ ಎಂದೇ ಹೇಳಬೇಕಾಗುತ್ತದೆ.

ಕುಣಿಗಲ್ ಕೆರೆಯ ಬೊಗಸೆ ನೀರು

ಮೊದಲು ಈ ವಿದ್ಯೆ ಏನೆಂದು ನೋಡೋಣ. ಕುಣಿಗಲ್ ದೊಡ್ಡ ಕೆರೆಯಿಂದ ಒಂದು ಬೊಗಸೆ ನೀರು ಎತ್ತಿಕೊಳ್ಳಿ. ಅದರ ಪ್ರತಿಯೊಂದು ಅಣುವಿನಲ್ಲೂ ಎರಡು ಹೈಡ್ರೋಜನ್ ಪರಮಾಣುಗಳಿವೆ. ಹೈಡ್ರೋಜನ್ನಿನ ನ್ಯೂಕ್ಲಿಯಸ್ ಎಂದರೆ ಒಂದು ಪುಟ್ಟ ಕಾಂತ. ಅದಕ್ಕೆ ಬುಗುರಿಯಂತೆ ತಿರುಗುವ ಗುಣವೂ ಉಂಟು. ಸಾಮಾನ್ಯವಾಗಿ ಈ ಪುಟ್ಟ ಕಾಂತಗಳು ಜಾತ್ರೆಯಲ್ಲಿ ಸೇರಿದ ಜನರಂತೆ ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತವೆ. ಪ್ರಬಲ ಅಯಸ್ಕಾಂತದೊಳಗೆ ಇಟ್ಟರೆ ಅವುಗಳಲ್ಲಿ ಸ್ವಲ್ಪ ಮಾತ್ರ ಶಿಸ್ತಿಗೆ ಬಂದು, ವಾಲಿದ ಬುಗುರಿಯಂತೆ ಒಂದೇ ಲಯದಲ್ಲಿ ತಲೆ ಸುತ್ತಿಸತೊಡಗುತ್ತವೆ. ಆ ಲಯಕ್ಕೆ ಸರಿಯಾಗಿ ಹೊಂದುವ ರೇಡಿಯೊ ಅಲೆಯನ್ನು ಹಾಯಿಸಿದರೆ ಅವು ಶಕ್ತಿಯನ್ನು ಹೀರುತ್ತವೆ. ಅಲೆ ನಿಲ್ಲಿಸಿದ ಮೇಲೆ ಅವೇ ಸಣ್ಣ ದನಿಯಲ್ಲಿ ಉತ್ತರ ಕೊಡುತ್ತವೆ. ಆ ಉತ್ತರವನ್ನು ಹಿಡಿದು ಓದುವುದೇ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್, ಹ್ರಸ್ವವಾಗಿ ಎನ್.ಎಂ.ಆರ್.

ರೇಡಿಯೊದ ಕಿವಿ ತಿರುವಿ ಸ್ಟೇಷನ್ ಹಿಡಿಯುವುದಕ್ಕೂ ಇದಕ್ಕೂ ತತ್ವದಲ್ಲಿ ಬಹಳ ದೂರವಿಲ್ಲ. ಬೆಂಗಳೂರಿನ ಎಫ್.ಎಂ. ಕೇಂದ್ರಗಳು 88ರಿಂದ 108 ಮೆಗಾಹರ್ಟ್ಸ್‌ಗಳ ನಡುವೆ ಸಿಗುತ್ತವೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಶಕ್ತಿಯ ಎಂ.ಆರ್.ಐ. ಯಂತ್ರದಲ್ಲಿ ನಮ್ಮ ಮೈಯ ಹೈಡ್ರೋಜನ್ ಉತ್ತರ ಕೊಡುವುದು ಸುಮಾರು 64 ಮೆಗಾಹರ್ಟ್ಸ್‌ನಲ್ಲಿ. ಟೆಸ್ಲಾ ಎಂಬುದು ಕಾಂತಕ್ಷೇತ್ರದ ಅಳತೆ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರಕ್ಕಿಂತ 1.5 ಟೆಸ್ಲಾ ಎಂದರೆ ಮೂವತ್ತು ನಲವತ್ತು ಸಾವಿರ ಪಟ್ಟು ಹೆಚ್ಚು. ಅಷ್ಟಾಗಿಯೂ ಅದರಲ್ಲಿ ಶಿಸ್ತಿಗೆ ಬರುವ ನ್ಯೂಕ್ಲಿಯಸ್‌ಗಳು 10 ಲಕ್ಷಕ್ಕೆ ಐದರಷ್ಟು ಮಾತ್ರ! ದನಿ ಅಷ್ಟು ಸಣ್ಣದಾದ್ದರಿಂದಲೇ ವಿಜ್ಞಾನಿಗಳು ದೊಡ್ಡ, ಇನ್ನೂ ದೊಡ್ಡ ಅಯಸ್ಕಾಂತಕ್ಕೆ ಹಂಬಲಿಸುವುದು. ಕ್ಷೇತ್ರ ಹೆಚ್ಚಿದಷ್ಟೂ ದನಿ ಜೋರಾಗುತ್ತದೆ; ಒಂದರ ಮೇಲೊಂದು ಬಿದ್ದು ಗಲಾಟೆಯೆನಿಸುತ್ತಿದ್ದ ದನಿಗಳು ಬೇರೆ ಬೇರೆಯಾಗಿ ಕೇಳುತ್ತವೆ.

ನೀರು, ಮೇಣದಂಥ ಸಾಮಾನ್ಯ ವಸ್ತುಗಳಲ್ಲಿ ಈ ದನಿಯನ್ನು ಮೊದಲು ಹಿಡಿದವರು ಅಮೆರಿಕದ ಎರಡು ತಂಡಗಳು. 1946ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಫೆಲಿಕ್ಸ್ ಬ್ಲಾಕ್, ಹಾರ್ವರ್ಡ್‌ನಲ್ಲಿ ಎಡ್ವರ್ಡ್ ಪರ್ಸೆಲ್ ಬೇರೆ ಬೇರೆಯಾಗಿಯೇ ಇದನ್ನು ಸಾಧಿಸಿ 1952ರಲ್ಲಿ ನೊಬೆಲ್ ಹಂಚಿಕೊಂಡರು. ಸ್ವಾರಸ್ಯವೆಂದರೆ, ಅವರಿಗೆ ನೊಬೆಲ್ ಬರುವ ಮೊದಲೇ ಬೆಂಗಳೂರಿನಲ್ಲಿ ಒಬ್ಬರು ಈ ಪ್ರಯೋಗ ಮಾಡುತ್ತಿದ್ದರು.

ಸೂರ್ಯನ್ ಹರಿಸಿದ ನೀರು

ಅವರ ಹೆಸರು ಜಿ. ಸೂರ್ಯನ್. ಭಾರತೀಯ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ವಿಭಾಗದವರು. ಆಗ ಅಂಗಡಿಯಲ್ಲಿ ಕೊಳ್ಳಲು ಎನ್.ಎಂ.ಆರ್. ಯಂತ್ರಗಳು ಸಾಲಾಗಿ ಕಾದಿರುತ್ತಿರಲಿಲ್ಲ. ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿದ್ದ ದೇಶದಲ್ಲಿ ವಿದೇಶಿ ವಿನಿಮಯಕ್ಕೂ ಬರ. ಅಂಥ ಕಾಲದಲ್ಲಿ ಸೂರ್ಯನ್ ಒಂದು ಸರಳ ಪ್ರಶ್ನೆ ಕೇಳಿಕೊಂಡರು: ಇಲ್ಲಿಯವರೆಗೆ ಎಲ್ಲರೂ ನಿಂತ ನೀರಿನ ದನಿ ಕೇಳಿದ್ದಾರೆ, ಹರಿಯುವ ನೀರಿನ ದನಿ ಹೇಗಿರುತ್ತದೆ?

ಅಯಸ್ಕಾಂತದ ನಡುವೆ ಕೊಳವೆಯಿಟ್ಟು ನೀರು ಹರಿಸಿದರು. ಹರಿವು ಇದ್ದಾಗ ದನಿ ಜೋರಾಯಿತು! ಕಾರಣವನ್ನು ಕೆರೆಯ ತೂಬು ಕಂಡವರು ಸುಲಭವಾಗಿ ಊಹಿಸಬಲ್ಲರು. ನಿಂತ ನೀರಿನ ಮೇಲೆ ರೇಡಿಯೊ ಅಲೆ ಬೀಳುತ್ತಲೇ ಇದ್ದರೆ ಅದರ ನ್ಯೂಕ್ಲಿಯಸ್‌ಗಳು ದಣಿಯುತ್ತವೆ, ಇನ್ನು ಹೀರಲಾರೆವೆಂದು ಸುಮ್ಮನಾಗುತ್ತವೆ. ಹರಿಯುವ ನೀರಿನಲ್ಲಾದರೋ ದಣಿದವು ಮುಂದೆ ಸಾಗಿ, ಅವುಗಳ ಜಾಗಕ್ಕೆ ಹೊಸಬ ನ್ಯೂಕ್ಲಿಯಸ್‌ಗಳು ಬರುತ್ತಲೇ ಇರುತ್ತವೆ. ಹಾಗಾಗಿ ದನಿ ಕುಗ್ಗುವುದಿಲ್ಲ. ದನಿಯ ಏರಿಳಿತ ನೋಡಿ ಹರಿವಿನ ವೇಗವನ್ನೇ ತಿಳಿಯಬಹುದು ಎಂಬುದು ಇದರಿಂದ ಹೊರಡುವ ಮಾತು.

ಹರಿಯುವ ದ್ರವ ಎಂದಾಗ ಈಗ ಎಲ್ಲರಿಗೂ ನೆನಪಾಗುವುದು ರಕ್ತ. ಚುಚ್ಚುಮದ್ದಿನ ಬಣ್ಣ ಸೇರಿಸದೆಯೇ ಮಿದುಳಿನ ರಕ್ತನಾಳಗಳನ್ನು ಎಂ.ಆರ್.ಐ. ಯಂತ್ರದಲ್ಲಿ ಬೆಳ್ಳಗೆ ಹೊಳೆಯುವಂತೆ ಕಾಣಿಸುವ ವಿಧಾನವೊಂದಿದೆ. ಪಾರ್ಶ್ವವಾಯು ಬಡಿದವರನ್ನು ಪರೀಕ್ಷಿಸುವಾಗ ಅದನ್ನು ಬಳಸುತ್ತಾರೆ. ಸುತ್ತಲಿನ ನಿಂತ ಅಂಗಾಂಶ ದಣಿದು ಕಪ್ಪಾಗಿರುವಾಗ, ಹೊಸದಾಗಿ ಹರಿದುಬಂದ ರಕ್ತ ಮಾತ್ರ ಜೋರಾಗಿ ಉತ್ತರ ಕೊಟ್ಟು ಬೆಳಗುತ್ತದೆ. ತತ್ವ ಅದೇ, ಸೂರ್ಯನ್ನರ ಕೊಳವೆಯದು. ರಕ್ತದ ಹರಿವಿನ ಎನ್.ಎಂ.ಆರ್. ಅಳತೆಯ ಬಗ್ಗೆ ಅಮೆರಿಕದ ಜೆ.ಆರ್. ಸಿಂಗರ್ ಬರೆದದ್ದು 1959ರಲ್ಲಿ. ಸೂರ್ಯನ್ನರ ಲೇಖನ ಅಚ್ಚಾದದ್ದು 1951ರಲ್ಲಿ.

ಅಚ್ಚಾದದ್ದು ಎಲ್ಲಿ? ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿ ಪತ್ರಿಕೆಯಲ್ಲಿ. ನಮ್ಮ ದೇಶದ ಒಳ್ಳೆಯ ಸಂಶೋಧನೆ ನಮ್ಮ ದೇಶದ ಪತ್ರಿಕೆಯಲ್ಲೇ ಬರಬೇಕೆಂಬುದು ರಾಮನ್ನರ ಹಟ. ಆ ಹಟದಲ್ಲಿ ಸ್ವಾಭಿಮಾನವಿತ್ತು, ತಪ್ಪೇನೂ ಇರಲಿಲ್ಲ. ಆದರೆ ಆ ಪತ್ರಿಕೆ ಬಾಸ್ಟನ್ನಿನ, ಲಂಡನ್ನಿನ ಪ್ರಯೋಗಶಾಲೆಗಳ ಮೇಜಿನ ಮೇಲೆ ದಿನವೂ ಬಿದ್ದಿರುವಂಥದಾಗಿರಲಿಲ್ಲ. ಹರಿವಿನ ಎನ್.ಎಂ.ಆರ್. ಚರಿತ್ರೆ ಬರೆಯುವವರು ಸೂರ್ಯನ್ ಹೆಸರನ್ನು ಮೊದಲ ಸಾಲಿನಲ್ಲೇ ಹೇಳುತ್ತಾರೆ, ನಿಜ. ಅಷ್ಟು ಬಿಟ್ಟರೆ ಆ ಹೆಸರು ಬೆಂಗಳೂರಿನ ರಸ್ತೆಗೂ ಬರಲಿಲ್ಲ, ಶಾಲೆಯ ಪಠ್ಯಕ್ಕೂ ಬರಲಿಲ್ಲ.

ಅದೇ 1951ರಲ್ಲಿ ಇನ್ನೊಬ್ಬ ಭಾರತೀಯರ ಹೆಸರೂ ಈ ಚರಿತ್ರೆಯಲ್ಲಿ ದಾಖಲಾಯಿತು. ಅವರು ಎಸ್.ಎಸ್. ಧರ್ಮಟ್ಟಿ. (ಬೆಳಗಾವಿ ಜಿಲ್ಲೆಯಲ್ಲಿ ಇದೇ ಹೆಸರಿನ ಊರೊಂದಿದೆ.) ಸ್ಟ್ಯಾನ್‌ಫರ್ಡ್‌ನಲ್ಲಿ ಆರ್ನಾಲ್ಡ್ ಮತ್ತು ಪ್ಯಾಕರ್ಡ್ ಜೊತೆ ಸೇರಿ ಅವರು ಮದ್ಯಸಾರದ ದನಿಯನ್ನು ಪರೀಕ್ಷಿಸಿದರು. ಒಂದೇ ದನಿ ಬರಬೇಕಿದ್ದ ಕಡೆ ಮೂರು ದನಿಗಳು ಬಂದವು. ಮದ್ಯಸಾರದ ಅಣುವಿನಲ್ಲಿ ಹೈಡ್ರೋಜನ್ನುಗಳು ಮೂರು ಬೇರೆ ಬೇರೆ ಕಡೆ ಕುಳಿತಿವೆ: ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು, ಮತ್ತೊಂದು ಕಡೆ ಒಂಟಿ. ಮೂರು ದನಿಗಳ ಪ್ರಮಾಣವೂ ಸರಿಯಾಗಿ ಮೂರು, ಎರಡು, ಒಂದು! ನ್ಯೂಕ್ಲಿಯಸ್ ತಾನು ಅಣುವಿನ ಯಾವ ಮೂಲೆಯಲ್ಲಿದ್ದೇನೆಂದು ತಾನೇ ಹೇಳುತ್ತದೆ ಎಂದಾಯಿತು. ರಸಾಯನಶಾಸ್ತ್ರಜ್ಞರಿಗೆ ಕುರುಡನಿಗೆ ಕಣ್ಣು ಬಂದಂತಾಯಿತು. ಔಷಧ ಕಾರ್ಖಾನೆಯಲ್ಲಿ ಹೊಸ ಅಣು ತಯಾರಾದರೆ ಅದು ಬೇಕಾದದ್ದೇ ಹೌದೇ ಎಂದು ತಿಳಿಯಲು ಇಂದಿಗೂ ಎನ್.ಎಂ.ಆರ್. ಮುಂದೆಯೇ ಇಡುತ್ತಾರೆ. ಧರ್ಮಟ್ಟಿಯವರು ಭಾರತಕ್ಕೆ ಮರಳಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್.ಎಂ.ಆರ್. ತಂಡವನ್ನು ಕಟ್ಟಿದರು.

ದೇಶಕ್ಕೊಂದು ಯಂತ್ರ

1970ರ ದಶಕಕ್ಕೆ ಬರುವ ಹೊತ್ತಿಗೆ ಯಂತ್ರಗಳ ಸ್ವರೂಪವೇ ಬದಲಾಗಿತ್ತು. ಕಬ್ಬಿಣದ ತಿರುಳಿಗೆ ತಂತಿ ಸುತ್ತಿದ ಅಯಸ್ಕಾಂತದ ಕಾಲ ಮುಗಿದು ಅತಿವಾಹಕ ಅಯಸ್ಕಾಂತ ಬಂತು. ನಿಯೋಬಿಯಂ ಮತ್ತು ಟೈಟಾನಿಯಂ ಬೆರೆತ ತಂತಿಯನ್ನು ದ್ರವ ಹೀಲಿಯಂನಲ್ಲಿ, ಅಂದರೆ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ ಮುಳುಗಿಸಿಟ್ಟರೆ ಅದರಲ್ಲಿ ವಿದ್ಯುತ್ತಿಗೆ ಯಾವ ಅಡೆತಡೆಯೂ ಇರುವುದಿಲ್ಲ. ಒಮ್ಮೆ ಹರಿಸಿದ ಕರೆಂಟು ವರ್ಷಗಟ್ಟಲೆ ತಾನೇ ಸುತ್ತುತ್ತಿರುತ್ತದೆ. ಲೋಡ್‌ಶೆಡ್ಡಿಂಗ್‌ಗೆ ಒಗ್ಗಿಹೋದ ನಮ್ಮ ಜನಕ್ಕೆ ಇದು ಪವಾಡವೆಂದೇ ತೋರಬಹುದು: ಊರಿನ ಕರೆಂಟು ಹೋದರೂ ಈ ಅಯಸ್ಕಾಂತದ ಬಲ ಕುಗ್ಗುವುದಿಲ್ಲ. ಆದರೆ ಹೀಲಿಯಂ ಮುಗಿದರೆ ಮಾತ್ರ ಕತೆ ಮುಗಿಯಿತು. ಉಳಿದದ್ದೂ ಕುದಿದು ಆವಿಯಾಗಿ ಹೋಗುತ್ತದೆ, ಅಯಸ್ಕಾಂತ ಸತ್ತುಹೋಗುತ್ತದೆ. ಆದ್ದರಿಂದ ಬಳಸಿದರೂ ಬಳಸದಿದ್ದರೂ ಕಾಲಕಾಲಕ್ಕೆ ಹೀಲಿಯಂ, ಅದರ ಸುತ್ತ ದ್ರವ ನೈಟ್ರೋಜನ್ ತುಂಬಿಸುತ್ತಲೇ ಇರಬೇಕು. ಕಟ್ಟಿದ ಆನೆಗೆ ಮೇವು ಹಾಕುವಂತೆ. ಆ ಹೀಲಿಯಂಗೂ ಭಾರತ ಹೊರದೇಶಗಳನ್ನೇ ನೆಚ್ಚಿಕೊಂಡಿದೆ.

ಇಂಥ ಯಂತ್ರವನ್ನು ಪ್ರತಿ ವಿಶ್ವವಿದ್ಯಾಲಯಕ್ಕೂ ಕೊಡಿಸುವುದು ಅಂದಿನ ಸರ್ಕಾರಕ್ಕೆ ಆಗದ ಮಾತು. ಹಾಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಒಂದು ದಾರಿ ಹುಡುಕಿತು: ಒಂದು ಕಡೆ ದೊಡ್ಡ ಯಂತ್ರ ಇರಿಸುವುದು, ಎಲ್ಲರೂ ಅದನ್ನು ಬಳಸುವುದು. 1977ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಸೊಫಿಸ್ಟಿಕೇಟೆಡ್ ಇನ್‌ಸ್ಟ್ರುಮೆಂಟ್ಸ್ ಫೆಸಿಲಿಟಿ' ಶುರುವಾದದ್ದು ಹೀಗೆ. ಅಲ್ಲಿಗೆ ಬಂದದ್ದು 270 ಮೆಗಾಹರ್ಟ್ಸ್‌ನ ಅತಿವಾಹಕ ಎನ್.ಎಂ.ಆರ್. ಯಂತ್ರ, ಅಂದರೆ 6.3 ಟೆಸ್ಲಾ. ಇವತ್ತು ಅದು ದೊಡ್ಡದೆನಿಸದು. ಅಂದಿನ ಭಾರತದಲ್ಲಿ ಅದರದೇ ಮಾತು. ಸ್ಫಟಿಕದಂತೆ ಸಾಲುಗಟ್ಟುವ ದ್ರವಗಳ ಎನ್.ಎಂ.ಆರ್.ನಲ್ಲಿ ಹೆಸರು ಮಾಡಿದ್ದ ಸಿ.ಎಲ್. ಖೇತ್ರಪಾಲ್ ಅದನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು. ಭೌತಶಾಸ್ತ್ರ ವಿಭಾಗದ ಅನಿಲ್ ಕುಮಾರ್ ಇನ್ನೊಬ್ಬರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1983ರಲ್ಲಿ 500 ಮೆಗಾಹರ್ಟ್ಸ್ ಯಂತ್ರದೊಂದಿಗೆ 'ಹೈ ಫೀಲ್ಡ್ ಎನ್.ಎಂ.ಆರ್. ರಾಷ್ಟ್ರೀಯ ಕೇಂದ್ರ'ವೇ ಬಂತು. ಗಿರಿಜೇಶ್ ಗೋವಿಲ್, 2014ರಲ್ಲಿ ಪದ್ಮಶ್ರೀ ಪಡೆದ ರಾಮಕೃಷ್ಣ ಹೊಸೂರ ಅಲ್ಲಿ ಪ್ರೊಟೀನ್, ಡಿ.ಎನ್.ಎ.ಗಳ ರಚನೆಯ ಕೆಲಸ ಮಾಡಿದರು. ಬೆಂಗಳೂರಿನ ಕೇಂದ್ರ ಮುಂದೆ ಎನ್.ಎಂ.ಆರ್. ಸಂಶೋಧನಾ ಕೇಂದ್ರವೆಂದು ಹೆಸರು ಬದಲಿಸಿಕೊಂಡು 800 ಮೆಗಾಹರ್ಟ್ಸ್‌ವರೆಗೂ ಬೆಳೆಯಿತು. 800 ಎಂದರೆ 18.8 ಟೆಸ್ಲಾ, ಭೂಮಿಯ ಕಾಂತಕ್ಷೇತ್ರದ ನಾಲ್ಕು ಲಕ್ಷ ಪಟ್ಟಿಗೂ ಹೆಚ್ಚು.

ಅನಿಲ್ ಕುಮಾರ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದ್ದಾಗ ಅವರು ಡೀಟರ್ ವೆಲ್ಟಿ, ರಿಚರ್ಡ್ ಅರ್ನ್ಸ್ಟ್ ಜೊತೆ ಬರೆದ 1975ರ ಲೇಖನ ಎಂ.ಆರ್.ಐ. ಚಿತ್ರ ಮೂಡಿಸುವ ಗಣಿತದ ಬುನಾದಿಗಳಲ್ಲಿ ಒಂದು. ಆ ಲೇಖನದಲ್ಲಿ ಮೊದಲ ಹೆಸರು ಅವರದೇ. 1980ರಲ್ಲಿ ಅರ್ನ್ಸ್ಟ್ ಮತ್ತು ಕುರ್ಟ್ ವ್ಯೂತ್ರಿಶ್ ಜೊತೆಗಿನ ಇನ್ನೊಂದು ಲೇಖನ ಪ್ರೊಟೀನಿನೊಳಗೆ ಯಾವ ಪರಮಾಣು ಯಾವುದರ ನೆರೆಯಲ್ಲಿದೆ ಎಂದು ಪತ್ತೆ ಮಾಡುವ ದಾರಿ ತೋರಿಸಿತು. ಅಲ್ಲೂ ಮೊದಲ ಹೆಸರು ಅವರದೇ. ಅರ್ನ್ಸ್ಟ್‌ಗೆ 1991ರಲ್ಲಿ, ವ್ಯೂತ್ರಿಶ್‌ಗೆ 2002ರಲ್ಲಿ ನೊಬೆಲ್ ಬಂತು. ಬೆಂಗಳೂರಿನ ಮೇಷ್ಟರು ತರಗತಿಗೆ ಹೋಗಿ ಪಾಠ ಮಾಡಿದರು.

ಹೆಸರಿನ ರಾಜಕೀಯ

ಇನ್ನು ಆಸ್ಪತ್ರೆಯ ಯಂತ್ರಕ್ಕೆ ಎನ್.ಎಂ.ಆರ್. ಎಂಬ ಹೆಸರು ಹೋಗಿ ಎಂ.ಆರ್.ಐ. ಬಂದದ್ದೇಕೆ? ಇದು ಶುದ್ಧ ಪ್ರಚಾರದ ಲೆಕ್ಕಾಚಾರ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅಪಘಾತವಾಗಿತ್ತು. 'ನ್ಯೂಕ್ಲಿಯರ್' ಎಂದರೆ ಜನ ಬೆಚ್ಚುವ ಕಾಲ. ರೋಗಿಗಳು ಹೆದರಿ ಯಂತ್ರದ ಹತ್ತಿರವೂ ಸುಳಿಯುವುದಿಲ್ಲವೆಂದು 1980ರ ದಶಕದ ಮೊದಲರ್ಧದಲ್ಲಿ ವೈದ್ಯರು ಆ ಪದವನ್ನೇ ಕೈಬಿಟ್ಟರು. ಅಸಲಿಗೆ ಇದರಲ್ಲಿ ವಿಕಿರಣವೂ ಇಲ್ಲ, ಪರಮಾಣು ಒಡೆಯುವುದೂ ಇಲ್ಲ. ಎಕ್ಸ್‌ರೇಯಷ್ಟು ಅಪಾಯವೂ ಇಲ್ಲ.

ನಮ್ಮಲ್ಲೂ ಆ ಪದ ಬೇರೆ ಬೇರೆ ಬಣ್ಣ ಪಡೆಯಿತು. 1974ರ ಪೋಖ್ರಾನ್ ಸ್ಫೋಟದ ಹಿಂದಿದ್ದ ರಾಜಾ ರಾಮಣ್ಣ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದವರೆಂಬುದು ಜಿಲ್ಲೆಯವರಿಗೆ ಹೆಮ್ಮೆ. ಅದೇ ರಾಜ್ಯದಲ್ಲಿ ಕೈಗಾ ಸ್ಥಾವರದ ವಿರುದ್ಧ ಶಿವರಾಮ ಕಾರಂತರು ಊರೂರು ತಿರುಗಿದರು. 1994ರಲ್ಲಿ ಕಟ್ಟುತ್ತಿದ್ದಾಗಲೇ ಕೈಗಾದ ಗುಮ್ಮಟ ಕುಸಿಯಿತು. ಇಂಥ ವಾತಾವರಣದಲ್ಲಿ 'ಅಣು ಕಾಂತ ಪರೀಕ್ಷೆ ಮಾಡಿಸಿ' ಎಂದು ಚೀಟಿ ಬರೆದಿದ್ದರೆ ಗುಬ್ಬಿಯ ರೋಗಿ ಅರ್ಧದಾರಿಯಲ್ಲೇ ಬಸ್ ಇಳಿದು ವಾಪಸಾಗುತ್ತಿದ್ದನೇನೋ! ಒಂದು ಪದ ಬಿಟ್ಟದ್ದರಿಂದ ಯಂತ್ರ ಮನೆಮಾತಾಯಿತು. ಜೊತೆಗೆ ಒಂದು ನಷ್ಟವೂ ಆಯಿತು. ಆಸ್ಪತ್ರೆಯ ಎಂ.ಆರ್.ಐ., ಪ್ರಯೋಗಶಾಲೆಯ ಎನ್.ಎಂ.ಆರ್. ಎರಡೂ ಒಂದೇ ಮನೆಯ ಮಕ್ಕಳೆಂಬುದು ಜನರಿಗೆ ಮರೆತೇ ಹೋಯಿತು.

ಪ್ರಚಾರದ ಇನ್ನೊಂದು ತುದಿಯೂ ಈ ಚರಿತ್ರೆಯಲ್ಲಿದೆ. ಅಮೆರಿಕದ ಪಾಲ್ ಲಾಟರ್‌ಬರ್ 1973ರಲ್ಲಿ ಎರಡು ನೀರಿನ ಕೊಳವೆಗಳ ಚಿತ್ರ ಮೂಡಿಸಿ ಎಂ.ಆರ್.ಐ.ಗೆ ದಾರಿ ಮಾಡಿದರು. 'ನೇಚರ್' ಪತ್ರಿಕೆ ಆ ಲೇಖನವನ್ನು ಮೊದಲು ತಿರಸ್ಕರಿಸಿತ್ತು! ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅದನ್ನು ವೇಗಗೊಳಿಸಿದರು. 2003ರ ನೊಬೆಲ್ ಇಬ್ಬರಿಗೂ ಸಂದಿತು. ಗಂಟಿನ ಅಂಗಾಂಶದ ದನಿ ಬೇರೆಯೆಂದು 1971ರಲ್ಲಿ ತೋರಿಸಿದ್ದ, 1977ರಲ್ಲಿ ಮನುಷ್ಯನ ಎದೆಯ ಚಿತ್ರ ತೆಗೆದ ವೈದ್ಯ ರೇಮಂಡ್ ಡಮಾಡಿಯನ್ ಹೆಸರು ಅದರಲ್ಲಿರಲಿಲ್ಲ. ಅವರು ಸುಮ್ಮನಿರಲಿಲ್ಲ. 'ನ್ಯೂಯಾರ್ಕ್ ಟೈಮ್ಸ್', 'ವಾಷಿಂಗ್ಟನ್ ಪೋಸ್ಟ್'ನಂಥ ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು ಅನ್ಯಾಯವಾಗಿದೆಯೆಂದು ಸಾರಿದರು. ಬಹುಮಾನ ಬದಲಾಗಲಿಲ್ಲ, ಆದರೆ ಎಂ.ಆರ್.ಐ. ಕತೆ ಹೇಳುವಾಗ ಡಮಾಡಿಯನ್ ಹೆಸರು ಬಿಟ್ಟು ಹೇಳುವ ಧೈರ್ಯ ಇಂದು ಯಾರಿಗೂ ಇಲ್ಲ. ಅಕಾಡೆಮಿಯ ನಡಾವಳಿಯಲ್ಲಿ ಲೇಖನ ಬರೆದು ಸುಮ್ಮನಾದ ಸೂರ್ಯನ್ ಅವರನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಡಮಾಡಿಯನ್ನರಂತೆ ಪುಟಗಟ್ಟಲೆ ಕೂಗಬೇಕಿತ್ತೆಂದಲ್ಲ. ಆದರೆ ಸೂರ್ಯನ್ನರ ಪರವಾಗಿ ಮೆಲ್ಲಗಾದರೂ ಹೇಳಬೇಕಾಗಿದ್ದ ನಮ್ಮ ಪತ್ರಿಕೆಗಳೂ ಪಠ್ಯಪುಸ್ತಕಗಳೂ ಬಾಯಿ ಬಿಡಲಿಲ್ಲ.

ಸಿದ್ಧಗಂಗೆಯಿಂದ ಮರುದಿನ

ರಾಷ್ಟ್ರೀಯ ಯಂತ್ರವೊಂದಕ್ಕೆ ಬೇಕಾದ ಪ್ರಚಾರ ಸಿನಿಮಾಕ್ಕೆ ಬೇಕಾದಂಥದಲ್ಲ. ಅದು ಸಣ್ಣ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟರಿಗೆ ಮೂರು ವಿಷಯ ತಿಳಿಸಬೇಕು: ಯಂತ್ರ ಇಲ್ಲಿದೆ, ಅದನ್ನು ಬಳಸುವ ಹಕ್ಕು ನಿಮಗೂ ಇದೆ, ಮಾದರಿ ಕಳುಹಿಸುವುದು ಹೀಗೆ. ಬೇಕಾಗುವ ಮಾದರಿಯೂ ದೊಡ್ಡದಲ್ಲ. ಪೆನ್ಸಿಲ್‌ಗಿಂತ ತೆಳುವಾದ, 5 ಮಿಲಿಮೀಟರ್ ದಪ್ಪದ ಗಾಜಿನ ಕೊಳವೆಯಲ್ಲಿ ಅರ್ಧ ಮಿಲಿಲೀಟರ್ ದ್ರಾವಣ. ಕೆಲವು ಮಿಲಿಗ್ರಾಂ ಪುಡಿ ಸಾಕು.

ತುಮಕೂರಿನಲ್ಲಿ ಇದರ ಗರಜು ಇಲ್ಲವೆನ್ನುವಂತಿಲ್ಲ. ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ 1963ರಿಂದ ಇದೆ. ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಆರಂಭವಾಯಿತು. ಇಂಥ ಕಡೆ ಸಂಶೋಧನಾ ವಿದ್ಯಾರ್ಥಿ ಹೊಸ ಸಂಯುಕ್ತವೊಂದನ್ನು ತಯಾರಿಸಿದರೆ ಎನ್.ಎಂ.ಆರ್. ರೋಹಿತವಿಲ್ಲದೆ ಅವನ ಲೇಖನವನ್ನು ಒಳ್ಳೆಯ ಪತ್ರಿಕೆ ಒಪ್ಪುವುದೇ ಇಲ್ಲ. ಅಂದರೆ ರೋಹಿತ ಸಿಗುವುದು ತಡವಾದಷ್ಟೂ ಅವನ ಪದವಿಯೂ ತಡ. ಯಂತ್ರವಿರುವ ಕಡೆ ಪರಿಚಯವಿದ್ದವರ ಕೆಲಸ ಬೇಗ, ಇಲ್ಲದವರದು ನಿಧಾನ ಎಂಬ ಗೊಣಗು ಸಣ್ಣ ಊರಿನ ಕಾಲೇಜುಗಳಲ್ಲಿ ಹಳೆಯದು.

ಈ ಗೊಣಗಿಗೆ ಉತ್ತರವೆಂದು ಕೇಂದ್ರ ಸರ್ಕಾರ 'ಐ-ಸ್ಟೆಮ್' ಎಂಬ ಅಂತರ್ಜಾಲ ತಾಣ ಮಾಡಿತು. ಸರ್ಕಾರಿ ಹಣದಲ್ಲಿ ತಂದ ಸಂಶೋಧನಾ ಯಂತ್ರಗಳು ದೇಶದಲ್ಲಿ ಎಲ್ಲೆಲ್ಲಿವೆ ಎಂಬ ಪಟ್ಟಿ ಅಲ್ಲಿದೆ; ಹೆಸರು ನೋಂದಾಯಿಸಿ ಯಂತ್ರದ ಸಮಯ ಕೇಳಬಹುದು. ಅದು ಬಿಡುಗಡೆಯಾದ ಸಂದರ್ಭವೂ ತುಮಕೂರಿನವರು ನೆನಪಿಡಬೇಕಾದ್ದೇ. 2020ರ ಜನವರಿ 2ರಂದು ಪ್ರಧಾನಿ ನರೇಂದ್ರ ಮೋದಿ ತುಮಕೂರಿಗೆ ಬಂದು ಸಿದ್ಧಗಂಗಾ ಮಠಕ್ಕೆ ಭೇಟಿ ಕೊಟ್ಟರು, ರೈತರ ಸಮಾವೇಶದಲ್ಲಿ ಮಾತನಾಡಿದರು. ಊರೆಲ್ಲ ಸೇರಿತ್ತು, ಪತ್ರಿಕೆಗಳಲ್ಲಿ ಪುಟಗಟ್ಟಲೆ ಸುದ್ದಿ. ಮರುದಿನ ಜನವರಿ 3ರಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ 107ನೇ ಭಾರತೀಯ ವಿಜ್ಞಾನ ಕಾಂಗ್ರೆಸ್ ಉದ್ಘಾಟಿಸಿ ಅವರು ಚಾಲನೆ ಕೊಟ್ಟದ್ದು ಇದೇ ಐ-ಸ್ಟೆಮ್‌ಗೆ. ಮೊದಲ ದಿನದ ಸುದ್ದಿ ತುಮಕೂರಿನ ಮನೆಮನೆಗೂ ಗೊತ್ತು. ಎರಡನೆಯ ದಿನದ್ದು ಎಷ್ಟು ಜನಕ್ಕೆ ಗೊತ್ತು?

ವಿಚಿತ್ರವೆಂದರೆ ಎನ್.ಎಂ.ಆರ್. ಎಂಬ ಹೆಸರು ನಮ್ಮ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ, ಅದೂ ಜೇನುತುಪ್ಪದ ನೆಪದಲ್ಲಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಮಾರುಕಟ್ಟೆಯ ಜೇನಿನ ಮಾದರಿಗಳನ್ನು ಜರ್ಮನಿಗೆ ಕಳುಹಿಸಿ ಎನ್.ಎಂ.ಆರ್. ಪರೀಕ್ಷೆ ಮಾಡಿಸಿತ್ತು. ಸಾಮಾನ್ಯ ಪರೀಕ್ಷೆಗಳನ್ನು ಸಲೀಸಾಗಿ ದಾಟುವಂತೆ ತಯಾರಿಸಿದ ಸಕ್ಕರೆ ಪಾಕದ ಕಲಬೆರಕೆ ಆ ಪರೀಕ್ಷೆಯಲ್ಲಿ ಬಯಲಾಯಿತೆಂದು ಅದು ಹೇಳಿತು. ಕಂಪನಿಗಳು ಅಲ್ಲಗಳೆದವು. ವಾದವೇನೇ ಇರಲಿ, ಸಕ್ಕರೆಯ ಒಂದೊಂದು ಬಗೆಗೂ ಅದರದೇ ದನಿ ಉಂಟೆಂಬ, ಧರ್ಮಟ್ಟಿಯವರ ಮದ್ಯಸಾರದಷ್ಟು ಹಳೆಯ ಸಂಗತಿ ಅಂದು ಅಡುಗೆಮನೆಯ ಮಾತಾಯಿತು.

ಹಾಗೆಂದು ಬೆಂಗಳೂರಿನ ಸಂಸ್ಥೆ ಬಾಗಿಲು ಮುಚ್ಚಿಕೊಂಡು ಕುಳಿತಿದೆಯೆನ್ನುವುದು ಅನ್ಯಾಯವಾದೀತು. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್ ಹೊತ್ತಿಗೆ, ಅದು 'ಓಪನ್ ಡೇ' ನಡೆಸುತ್ತದೆ. ಅಂದು ಯಾರು ಬೇಕಾದರೂ ಒಳಗೆ ಹೋಗಬಹುದು. ಶಾಲಾ ಮಕ್ಕಳು ಬಸ್ಸುಗಳಲ್ಲಿ ಬರುತ್ತಾರೆ. ದ್ರವ ನೈಟ್ರೋಜನ್ನಿನಲ್ಲಿ ಅದ್ದಿದ ಹೂವು ಗಾಜಿನಂತೆ ಪುಡಿಯಾಗುವುದನ್ನು ಕಂಡು ಕೇಕೆ ಹಾಕುತ್ತಾರೆ. ಅಮೆರಿಕದ ಟ್ಯಾಲಹ್ಯಾಸಿಯಲ್ಲಿ 45 ಟೆಸ್ಲಾ ಅಯಸ್ಕಾಂತ ಇಟ್ಟುಕೊಂಡಿರುವ ರಾಷ್ಟ್ರೀಯ ಪ್ರಬಲ ಕಾಂತಕ್ಷೇತ್ರ ಪ್ರಯೋಗಾಲಯವೂ ಹೀಗೆಯೇ ವರ್ಷಕ್ಕೊಮ್ಮೆ ಜನರನ್ನು ಒಳಗೆ ಬಿಡುತ್ತದೆ. ತೆರಿಗೆ ಕೊಟ್ಟವನು ತನ್ನ ಅಯಸ್ಕಾಂತ ನೋಡಲಿ ಎಂಬ ಸರಳ ಲೆಕ್ಕ.

ಈ ಪರಿಚಯ ಬರಿಯ ಕುತೂಹಲದ ಮಾತೂ ಅಲ್ಲ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಎಂ.ಆರ್.ಐ. ಕೊಠಡಿಗೆ ಹೋದಾಗ ಅಯಸ್ಕಾಂತ ಸಿಲಿಂಡರ್ ಸಮೇತ ಅವರನ್ನು ಎಳೆದುಕೊಂಡು ಪ್ರಾಣವೇ ಹೋಯಿತು. ಯಂತ್ರ ಓಡುತ್ತಿಲ್ಲದಾಗಲೂ ಅತಿವಾಹಕ ಅಯಸ್ಕಾಂತ ಎಚ್ಚರವಾಗಿಯೇ ಇರುತ್ತದೆಂಬ ಒಂದು ಸಂಗತಿ ಕೊಠಡಿಯ ಬಾಗಿಲಲ್ಲಿ ನಿಲ್ಲುವ ಪ್ರತಿಯೊಬ್ಬರಿಗೂ ತಿಳಿದಿರಬೇಕಾದದ್ದು. ತುಮಕೂರಿನವರಿಗೆ ಇದನ್ನು ಎಚ್.ಎಂ.ಟಿ. ಭಾಷೆಯಲ್ಲೇ ಹೇಳಬಹುದಿತ್ತು. 2016ರಲ್ಲಿ ಬಾಗಿಲು ಮುಚ್ಚಿ, ಆಮೇಲೆ ಇಸ್ರೋ ಪಾಲಾದ ಇಲ್ಲಿನ ಕೈಗಡಿಯಾರ ಕಾರ್ಖಾನೆಯಲ್ಲಿ ದುಡಿದವರಿಗೆ ಗೊತ್ತು: ಕೀ ಕೊಡುವ ವಾಚಿಗೆ ಅಯಸ್ಕಾಂತ ತಾಗಿದರೆ ಅದರೊಳಗಿನ ಕೂದಲೆಳೆಯಂಥ ಸ್ಪ್ರಿಂಗ್ ಕಾಂತವಾಗಿ, ಗಡಿಯಾರ ಓಡಬಾರದಂತೆ ಓಡುತ್ತದೆ.

ಸೂರ್ಯನ್ನರ ಲೇಖನ ಓದಬೇಕೆನ್ನುವವರು ಈಗ ಟಾಟಾ ಇನ್‌ಸ್ಟಿಟ್ಯೂಟಿನ ಗ್ರಂಥಾಲಯದ ಬಾಗಿಲು ಕಾಯಬೇಕಾಗಿಲ್ಲ. ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಹಳೆಯ ನಡಾವಳಿಗಳನ್ನೆಲ್ಲ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. 1951ನೇ ಇಸವಿ, 'ಎ' ವಿಭಾಗ, 33ನೇ ಸಂಪುಟ, 107ನೇ ಪುಟ. ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಹೋಗುವಷ್ಟರಲ್ಲಿ ಮೊಬೈಲಿನಲ್ಲೇ ಓದಿ ಮುಗಿಸಬಹುದು.